ಕ್ಯಾಲ್ಸಿಯಂ ಎಳೆಯುವುದಿಲ್ಲ, ತಡೆ ತೆಗೆಯುತ್ತದೆ

ಮುಧೋಳ, ಜಮಖಂಡಿ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿರುತ್ತೀರಿ. ಪೈಲ್ವಾನ ಇನ್ನೂ ಕಲ್ಲಿಗೆ ಕೈ ಹಚ್ಚಿಲ್ಲ, ತೋಳು ಸಡಿಲವಾಗಿದೆ ಅಂದುಕೊಳ್ಳಿ. ಆಗಲೂ ಸ್ನಾಯುವಿನಲ್ಲಿ ಶಕ್ತಿ ಕೊಡುವ ಎಟಿಪಿ ಇದೆ, ಸಾಲಾಗಿ ಜೋಡಿಸಿಕೊಂಡು ಎಳೆಯಾಗುವ ಪ್ರೋಟೀನು ಆಕ್ಟಿನ್ ಇದೆ, ಆ ಎಳೆಯನ್ನು ತನ್ನ ತಲೆಗಳಿಂದ ಹಿಡಿದು ಎಳೆಯುವ ಪ್ರೋಟೀನು ಮಯೋಸಿನ್ ಕೂಡ ಇದೆ. ಹಾಗಿದ್ದರೆ ಅದು ಯಾಕೆ ಎಳೆಯುತ್ತಿಲ್ಲ? ಸ್ನಾಯು ಸಂಕುಚಿಸುವಲ್ಲಿ ಕ್ಯಾಲ್ಸಿಯಂನ ಪಾತ್ರವೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ, ಉತ್ತರ ಶುರುವಾಗುವುದು ಇಲ್ಲಿಂದಲೇ.

ತಡೆದು ಹಿಡಿದಿರುವುದು ಎರಡು ಪ್ರೋಟೀನುಗಳು. ಟ್ರೋಪೊಮಯೋಸಿನ್ ಉದ್ದನೆಯದು. ಒಂದೊಂದೂ 7 ಆಕ್ಟಿನ್‌ಗಳ ಉದ್ದಕ್ಕೂ ಮಲಗಿ, ಮಯೋಸಿನ್ ಬಂದು ಹಿಡಿಯುವ ಜಾಗವನ್ನು ಮುಚ್ಚುತ್ತದೆ. ಅದನ್ನು ಅಲ್ಲೇ ಉಳಿಸುವುದು ಟ್ರೋಪೋನಿನ್. ಇದರಲ್ಲಿ ಮೂರು ಭಾಗ. ಟಿ ಟ್ರೋಪೊಮಯೋಸಿನ್‌ಗೆ ಅಂಟಿಕೊಂಡಿರುತ್ತದೆ, ಐ ಆಕ್ಟಿನ್ನನ್ನು ಹಿಡಿದು ತಡೆಯುತ್ತದೆ, ಸಿ ಕ್ಯಾಲ್ಸಿಯಂ ಹಿಡಿಯುತ್ತದೆ. 1960ರ ದಶಕದಲ್ಲಿ ಟ್ರೋಪೋನಿನ್ ಕಂಡುಹಿಡಿದವರು ಜಪಾನಿನ ಸೆತ್ಸುರೊ ಎಬಾಶಿ.

ಇಲ್ಲಿಂದ ನಿಧಾನವಾಗಿ ಓದಿ, ಅಂಕ ಹೋಗೋದು ಇಲ್ಲೇ. ನರದ ಸಂದೇಶ ಬಂದ ಮೇಲೆ ಸ್ನಾಯುಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ. ಕೋಶದ್ರವದಲ್ಲಿ ಅದರ ಸಾಂದ್ರತೆ ಸುಮಾರು 0.1 ಮೈಕ್ರೊಮೋಲಾರ್ ಇದ್ದದ್ದು 1ನ್ನೂ ದಾಟುತ್ತದೆ. ಅದು ಸಿ ಭಾಗದಲ್ಲಿ ಕೂತ ಕೂಡಲೇ ಸಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ನೀರಿಗೆ ಒಗ್ಗದ ಒಂದು ಗುಳಿ ತೆರೆದುಕೊಳ್ಳುತ್ತದೆ. ಐ ತನ್ನ ಒಂದು ತುದಿಯನ್ನು ಆ ಗುಳಿಗೆ ತೂರಿಸುತ್ತದೆ, ಆಕ್ಟಿನ್ನನ್ನು ಬಿಡುತ್ತದೆ. ಹಿಡಿತ ತಪ್ಪಿದ ಟ್ರೋಪೊಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ. ಆದರೆ ಪೂರ್ತಿ ಅಲ್ಲ! ಮೊದಲು ಕೂತ ಮಯೋಸಿನ್ ತಲೆಗಳೇ ಅದನ್ನು ಇನ್ನಷ್ಟು ತಳ್ಳಿ, ಅಕ್ಕಪಕ್ಕದ ಜಾಗವನ್ನೂ ಬಿಡಿಸುತ್ತವೆ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಎಳೆತ ನಡೆಯುವುದು ಎಟಿಪಿಯ ಬಲದಿಂದ. ಕ್ಯಾಲ್ಸಿಯಂ ಶಕ್ತಿ ಕೊಡುತ್ತದೆ ಅಂತ ಬರೆಯಬೇಡಿ. ಹಿಡಿದ ಮಯೋಸಿನ್ ಬಿಡಬೇಕಾದರೂ ಹೊಸ ಎಟಿಪಿ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಅದು ಸಿಗದೇ ಇರುವುದರಿಂದ. ಕ್ಯಾಲ್ಸಿಯಂ ವಾಪಸ್ ಸಂಗ್ರಹಕ್ಕೆ ಹೋಗುವುದೂ ಪುಕ್ಕಟೆ ಅಲ್ಲ: ಪಂಪು 2 ಕ್ಯಾಲ್ಸಿಯಂ ಒಳಗೆ ತಳ್ಳಲು ಒಂದು ಎಟಿಪಿ ಖರ್ಚು ಮಾಡುತ್ತದೆ.

ಹೃದಯದ ಟ್ರೋಪೋನಿನ್ ಐ ಮತ್ತು ಟಿ ಸ್ವಲ್ಪ ಬೇರೆ ರೂಪದವು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅವು ರಕ್ತಕ್ಕೆ ಸೋರುತ್ತವೆ. ಎದೆನೋವು ಅಂತ ಬಂದವರಿಗೆ ಟ್ರೋಪೋನಿನ್ ಟೆಸ್ಟ್ ಬರೆದುಕೊಡುವುದು ಅದಕ್ಕೇ.

ಕರುಳು, ರಕ್ತನಾಳಗಳ ನಯವಾದ ಸ್ನಾಯುವಿಗೆ ಮಾತ್ರ ಈ ಉತ್ತರ ಬರೆಯಬೇಡಿ. ಅಲ್ಲಿ ಟ್ರೋಪೋನಿನ್ನೇ ಇಲ್ಲ. ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿನ ಜೊತೆ ಸೇರಿ ಒಂದು ಕೈನೇಸನ್ನು (ಫಾಸ್ಫೇಟ್ ಅಂಟಿಸುವ ಕಿಣ್ವ) ಎಬ್ಬಿಸುತ್ತದೆ, ಅದು ಮಯೋಸಿನ್‌ಗೇ ಫಾಸ್ಫೇಟ್ ಅಂಟಿಸಿ ಕೆಲಸ ಶುರು ಮಾಡಿಸುತ್ತದೆ.