ಕೆಂಪು ಔಷಧ ಮತ್ತು ವಿಭಜನೆಯಾಗದ ಹೃದಯ

ಕೀಮೋಥೆರಪಿಯ ಔಷಧಗಳು ವೇಗವಾಗಿ ವಿಭಜನೆಯಾಗುವ ಕೋಶಗಳನ್ನಷ್ಟೇ ಕೊಲ್ಲುತ್ತವೆ ಎಂಬ ಮಾತನ್ನು ವಿದ್ಯಾವಂತರೂ ನಂಬುತ್ತಾರೆ. ಈ ಮಾತು ನಿಜವಾಗಿದ್ದರೆ, ಅತ್ಯಂತ ವಿರಳವಾಗಿ ವಿಭಜನೆಯಾಗುವ ಹೃದಯದ ಸ್ನಾಯುಕೋಶಗಳಿಗೆ ಯಾವ ಅಪಾಯವೂ ಇರಬಾರದಿತ್ತು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಈ ನಂಬಿಕೆಯನ್ನು ಸುಳ್ಳುಮಾಡುತ್ತದೆ.

ಇದರ ಮೂಲ ಮಣ್ಣಿನಲ್ಲಿದೆ. ಇಟಲಿಯಲ್ಲಿ 13ನೇ ಶತಮಾನದ ಎಂಟು ಮೂಲೆಗಳ ಕೋಟೆಯಾದ ಕ್ಯಾಸ್ಟೆಲ್ ಡೆಲ್ ಮಾಂಟೆಯ ಸುತ್ತಲಿನ ಮಣ್ಣಿನಲ್ಲಿ, 1950ರ ದಶಕದಲ್ಲಿ, ಕೆಂಪು ವರ್ಣದ್ರವ್ಯ ತಯಾರಿಸುವ ಬ್ಯಾಕ್ಟೀರಿಯವೊಂದು ಸಿಕ್ಕಿತು. ಅದರದೇ ಮಾರ್ಪಟ್ಟ ತಳಿಯಿಂದ ಬಂದ ಡಾಕ್ಸೊರುಬಿಸಿನ್‌ಗೆ ಏಡ್ರಿಯಾಟಿಕ್ ಸಮುದ್ರದ ನೆನಪಿಗಾಗಿ ಏಡ್ರಿಯಾಮೈಸಿನ್ ಎಂಬ ಹೆಸರೂ ಇದೆ. ಸ್ತನ ಕ್ಯಾನ್ಸರ್, ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗಳಲ್ಲಿ ಅದು ಉಳಿಸಿದ ಜೀವಗಳು ಅಸಂಖ್ಯ.

ನಮ್ಮ ಬಹುತೇಕ ಪ್ರತಿ ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಸುತ್ತಿಕೊಂಡಿದೆ. ಹುರಿಹಗ್ಗದ ಎಳೆಗಳನ್ನು ಒಂದು ಕಡೆ ಬಿಡಿಸುತ್ತ ಹೋದರೆ ಮುಂದಿನ ಭಾಗ ಇನ್ನಷ್ಟು ಹುರಿಗೊಂಡು ಗಂಟಾಗುವಂತೆ, ಡಿಎನ್‌ಎಯನ್ನು ಓದುವಾಗಲೂ ಸಿಕ್ಕು ಬೀಳುತ್ತದೆ. ಟೊಪೊಐಸೊಮರೇಸ್-2 ಎಂಬ ಕಿಣ್ವ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಿ, ಡಿಎನ್‌ಎಯ ಇನ್ನೊಂದು ಭಾಗವನ್ನು ಆ ಸಂದಿಯಲ್ಲಿ ದಾಟಿಸಿ, ಮತ್ತೆ ಬೆಸೆಯುತ್ತದೆ. ಡಾಕ್ಸೊರುಬಿಸಿನ್ ಕತ್ತರಿಸಲು ಬಿಡುತ್ತದೆ, ಬೆಸೆಯಲು ಬಿಡುವುದಿಲ್ಲ. ಹೊಲಿಗೆ ಹಾಕುವ ಮುನ್ನವೇ ಶಸ್ತ್ರವೈದ್ಯನ ಕೈ ಹಿಡಿದು ನಿಲ್ಲಿಸಿದಂತೆ. ಈ ಕಿಣ್ವದ ಆಲ್ಫಾ ರೂಪ ವಿಭಜನೆಯಾಗುವ ಕೋಶಗಳಲ್ಲಿ ಹೇರಳವಾಗಿದ್ದರೆ, ಬೀಟಾ ರೂಪ ಹೃದಯದ ಕೋಶಗಳಲ್ಲಿಯೂ ಇದೆ. ಔಷಧಕ್ಕೆ ಇವೆರಡರ ಭೇದ ತಿಳಿಯದು. ಹೃದಯಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳೂ ಸೊರಗುತ್ತವೆ. ಸತ್ತ ಕೋಶದ ಜಾಗಕ್ಕೆ ಹೊಸದು ಬರುವುದು ತೀರಾ ಅಪರೂಪವಾದ್ದರಿಂದ ಪ್ರತಿ ಡೋಸಿನ ಹಾನಿಯೂ ಹಿಂದಿನದಕ್ಕೆ ಕೂಡಿಕೊಳ್ಳುತ್ತದೆ. ದೇಹದ ಮೇಲ್ಮೈಯ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ಎಂಬ ಒಟ್ಟು ಮಿತಿಯನ್ನು ವೈದ್ಯರು ಪಾಲಿಸುವುದು ಈ ಕಾರಣಕ್ಕೇ.

ಆದುದರಿಂದ ರಕ್ಷಣೆ ಮೊದಲ ಡೋಸಿಗೆ ಮುಂಚೆಯೇ ಆರಂಭವಾಗಬೇಕು. ಎಕೋ ಪರೀಕ್ಷೆಯಲ್ಲಿ ಹೃದಯ ಪ್ರತಿ ಬಡಿತಕ್ಕೆ ಎಷ್ಟು ಪಾಲು ರಕ್ತವನ್ನು ಹೊರತಳ್ಳುತ್ತದೆ ಎಂಬುದನ್ನು ದಾಖಲಿಸಿಟ್ಟರೆ ಮುಂದಿನ ಹೋಲಿಕೆಗೆ ಆಧಾರವಿರುತ್ತದೆ. ಉಸಿರು ಕಟ್ಟುವವರೆಗೆ, ಕಾಲು ಊದುವವರೆಗೆ ಕಾದರೆ ತಡವಾಗುತ್ತದೆ; ಹೃದಯದ ಕೋಶಗಳಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಟ್ರೊಪೊನಿನ್ ಎಂಬ ಪ್ರೋಟೀನಿನ ಏರಿಕೆ ಅದಕ್ಕೂ ಮೊದಲೇ ಸುಳಿವು ಕೊಡಬಲ್ಲದು. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಬೇಕು. ಅಪಾಯ ಹೆಚ್ಚಿರುವವರಿಗೆ ಡೆಕ್ಸ್‌ರಾಜೋಕ್ಸೇನ್ ಎಂಬ ರಕ್ಷಕ ಔಷಧವಿದೆ. ಸ್ತನ ಕ್ಯಾನ್ಸರಿನ ಮತ್ತೊಂದು ಔಷಧವಾದ ಟ್ರಾಸ್ಟುಜುಮಾಬ್‌ನಿಂದಾಗುವ ಹೃದಯದ ದೌರ್ಬಲ್ಯ ಬೇರೆ ಬಗೆಯದು, ಬಹುಮಟ್ಟಿಗೆ ಸರಿಹೋಗುವಂಥದ್ದು. ಹೃದಯದ ಭಯದಿಂದ ರೋಗಿಯೇ ಚಿಕಿತ್ಸೆ ನಿಲ್ಲಿಸುವುದು, ಅಥವಾ ವೈದ್ಯರಿಗೆ ತಿಳಿಸದೆ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನುಂಗುವುದು, ಎರಡೂ ನನ್ನನ್ನು ಕಳವಳಗೊಳಿಸುತ್ತವೆ.

ಎಡಸ್ತನಕ್ಕೆ ವಿಕಿರಣ ಕೊಡುವಾಗ ಹೃದಯವನ್ನು ಕಾಪಾಡುವ ಉಪಾಯವಂತೂ ಬಲು ಸರಳ. ರೋಗಿ ಆಳವಾಗಿ ಉಸಿರೆಳೆದು ಹಿಡಿದುಕೊಳ್ಳುತ್ತಾಳೆ. ಹಿಗ್ಗಿದ ಶ್ವಾಸಕೋಶ ಹೃದಯವನ್ನು ಎದೆಗೋಡೆಯಿಂದ ದೂರ ಸರಿಸುತ್ತದೆ. ಆ ಕೆಲವೇ ಸೆಕೆಂಡುಗಳಲ್ಲಿ ಕಿರಣ ಹಾದು, ಅವಳು ಉಸಿರು ಬಿಡುವಷ್ಟರಲ್ಲಿ ಯಂತ್ರ ನಿಂತಿರುತ್ತದೆ.