ಹಲ್ಲಿನ ಪಾಚಿಯಲ್ಲಿ ಸಿಕ್ಕ ನಿಯಾಂಡರ್ತಲರು

ದಿನಕ್ಕೆ ಮೂರ್ನಾಲ್ಕು ಜನರ ಹಲ್ಲಿನ ಪಾಚಿ ಕೆರೆದು ತೆಗೆಯುವುದು ನನ್ನ ಕೆಲಸ. ಗಾರೆಯಂತೆ ಗಟ್ಟಿಯಾದ ಹಳದಿ ಚೂರುಗಳು. ಬಾಯಿ ಮುಕ್ಕಳಿಸಿ ಉಗುಳಿದರೆ ನೀರಿನ ಜೊತೆ ಹರಿದು ಹೋಗುತ್ತವೆ. "ಇಷ್ಟೊಂದು ಇತ್ತಾ ಡಾಕ್ಟ್ರೇ?" ಅಂತ ನಾಚಿಕೊಂಡು ಕೇಳುತ್ತಾರೆ. ನಾಚಿಕೆ ಏನೂ ಬೇಡ. ನಮ್ಮ ಹತ್ತಿರದ ಸಂಬಂಧಿಗಳಾಗಿದ್ದು ಈಗ ಇಲ್ಲವಾಗಿರುವ ಹಳೆಯ ಕಾಲದ ಮನುಷ್ಯರು, ನಿಯಾಂಡರ್ತಲರು, ಏನು ತಿನ್ನುತ್ತಿದ್ದರು ಅಂತ ಇವತ್ತು ನಮಗೆ ಗೊತ್ತಿರುವುದರಲ್ಲಿ ಒಂದು ಪಾಲು ಬಂದಿದ್ದು ಇಂಥದ್ದೇ ಪಾಚಿಯಿಂದ.

ಪಾಚಿ ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಅದರ ಮೇಲೆ ಕೂತು ಅದನ್ನು ಕಲ್ಲು ಮಾಡುತ್ತದೆ. ಆಗ ಬಾಯಲ್ಲಿದ್ದ ಊಟದ ಚೂರು, ಹೊಗೆಯ ಕಣ, ರೋಗಾಣು ಎಲ್ಲವೂ ಒಳಗೇ ಸಿಕ್ಕಿಕೊಳ್ಳುತ್ತವೆ. ಮೇಲೆ ಇನ್ನೊಂದು ಪದರ. ನಿಯಾಂಡರ್ತಲರಿಗೆ ಅದನ್ನು ಕೆರೆದು ಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಸತ್ತು 40-50 ಸಾವಿರ ವರ್ಷವಾದ ಮೇಲೂ ಅದು ಹಲ್ಲಿಗೆ ಅಂಟಿಕೊಂಡೇ ಇದೆ.

2017ರಲ್ಲಿ ವಿಜ್ಞಾನಿ ಲಾರಾ ವೈರಿಚ್ ಮತ್ತು ಅವರ ತಂಡ ಈ ಪಾಚಿಯಿಂದ ಡಿಎನ್‌ಎ ತೆಗೆದರು. ಬೆಲ್ಜಿಯಂನ ಸ್ಪಿ ಗುಹೆಯವರ ಹಲ್ಲಲ್ಲಿ ತುಪ್ಪಳದ ಘೇಂಡಾಮೃಗ ಮತ್ತು ಕಾಡು ಕುರಿ ಸಿಕ್ಕವು. ಸ್ಪೇನಿನ ಎಲ್ ಸಿಡ್ರಾನ್ ಗುಹೆಯವರಲ್ಲಿ ಮಾಂಸದ ಸುಳಿವೇ ಇಲ್ಲ! ಅಣಬೆ, ಪೈನ್ ಮರದ ಬೀಜ, ಪಾಚಿಗಿಡ. ನಿಯಾಂಡರ್ತಲ್ ಅಂದರೆ ಹಸಿ ಮಾಂಸ ಹರಿದು ತಿನ್ನುವ ಕಾಡುಮನುಷ್ಯ ಅಂತ ಶಾಲೆಯಲ್ಲಿ ಓದಿದ್ದೆವು ಅಲ್ವಾ? ಅದಕ್ಕಿಂತ ಮೊದಲೇ, 2011ರಲ್ಲಿ, ಇರಾಕಿನ ಶಾನಿದಾರ್ ಗುಹೆಯ ಹಲ್ಲುಗಳಲ್ಲಿ ಬಾರ್ಲಿಯ ಜಾತಿಯ ಕಾಳಿನ ಪಿಷ್ಟ ಸಿಕ್ಕಿತ್ತು. ಅದರಲ್ಲಿ ಕೆಲವು ಕಣಗಳು ಬೆಂದಿದ್ದವು. ಬೇಯಿಸಿ ತಿನ್ನುತ್ತಿದ್ದರು ಅಂತಾಯಿತು.

ಎಲ್ ಸಿಡ್ರಾನ್‌ನಲ್ಲಿ ಒಬ್ಬನ ದವಡೆಯಲ್ಲಿ ಕೀವು ಕಟ್ಟಿದ ಗುರುತಿದೆ. ಆ ನೋವನ್ನು ನಾನು ದಿನಾ ನೋಡುತ್ತೇನೆ, ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಅವನ ಪಾಚಿಯಲ್ಲಿ ಪಾಪ್ಲರ್ ಮರದ ಡಿಎನ್‌ಎ ಸಿಕ್ಕಿತು. ಆ ಮರದಲ್ಲಿ ಆಸ್ಪಿರಿನ್ನಿನ ಮೂಲವಸ್ತು ಇದೆ. ಜೊತೆಗೆ ಪೆನಿಸಿಲಿಯಂ ಬೂಷ್ಟು ಕೂಡ. ತಕ್ಷಣ ಪತ್ರಿಕೆಗಳಲ್ಲಿ ನಿಯಾಂಡರ್ತಲರಿಗೆ ಪೆನಿಸಿಲಿನ್ ಗೊತ್ತಿತ್ತು ಅಂತ ಬಂತು. ಇದನ್ನು ನಾನು ನಂಬುವುದಿಲ್ಲ. ಬೂಷ್ಟು ಹಳಸಿದ್ದರಲ್ಲೆಲ್ಲ ಇರುತ್ತದೆ, ಸುಮ್ನೆ ತಿಂಡಿಯ ಜೊತೆ ಒಳಗೆ ಹೋಗಿರಬಹುದು. ಆದರೆ ಹಲ್ಲುನೋವಿಗೆ ಕಹಿ ತೊಗಟೆ ಅಗಿಯುವುದು ನನಗೆ ಸಹಜವಾಗಿಯೇ ಕಾಣುತ್ತದೆ. ಬೇವಿನ ಕಡ್ಡಿ ಅಗಿದು ಬೆಳೆದ ಜನ ನಾವು.

ಕ್ರೊಯೇಷಿಯಾದ ಕ್ರಾಪಿನಾದಲ್ಲಿ ಸಿಕ್ಕ 1 ಲಕ್ಷ 30 ಸಾವಿರ ವರ್ಷ ಹಳೆಯ ಹಲ್ಲುಗಳ ವಿಷಯ ಇನ್ನೂ ಸ್ವಾರಸ್ಯ. ಒಬ್ಬರ ಕೆಳದವಡೆಯ ಎಡಗಡೆ ಎರಡು ಹಲ್ಲು ಜಾಗ ಬಿಟ್ಟು ವಾರೆಯಾಗಿವೆ. ಅಲ್ಲೇ ಹಲ್ಲುಗಳ ಮೇಲೆ ಕಡ್ಡಿ ಹಾಕಿ ಹಾಕಿ ಸವೆದ ಗೀರುಗಳಿವೆ. ಇದನ್ನು 2017ರಲ್ಲಿ ಬರೆದ ಮಾನವಶಾಸ್ತ್ರಜ್ಞ ಡೇವಿಡ್ ಫ್ರೇಯರ್ ಜೊತೆಗೆ ಒಬ್ಬ ಹಲ್ಲಿನ ಡಾಕ್ಟರೂ ಇದ್ದರು, ಅದು ನನಗೆ ಖುಷಿ. ಯಾಕೆಂದರೆ ಆ ಗೀರಿನ ಅರ್ಥ ನಮಗೆ ಕೂಡಲೇ ಆಗುತ್ತದೆ. ಸಿಕ್ಕಿಕೊಂಡಿದ್ದು ಬರುತ್ತಿಲ್ಲ, ನೋಯುತ್ತಿದೆ, ಕೈ ಸುಮ್ಮನಿರುವುದಿಲ್ಲ. ನನ್ನ ಪೇಷಂಟ್‌ಗಳು ಸೇಫ್ಟಿ ಪಿನ್ನಿನಲ್ಲಿ ಇದೇ ಕೆಲಸ ಮಾಡಿಕೊಂಡು ಬರುತ್ತಾರೆ.

ನಿಯಾಂಡರ್ತಲರ ಮುಂಹಲ್ಲುಗಳು ವಿಪರೀತ ಸವೆದಿರುತ್ತವೆ. ತೊಗಲು, ಮಾಂಸವನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕಲ್ಲಿನ ಚೂರಿಯಿಂದ ಕೊಯ್ಯುತ್ತಿದ್ದರು. ಚೂರಿ ತಾಗಿ ಬಿದ್ದ ಗೆರೆಗಳ ಓರೆ ನೋಡಿದರೆ ಹೆಚ್ಚಿನವರು ಬಲಗೈಯವರು. ಇನ್ನೊಂದು ಮಾತು, ಬುದ್ಧಿ ಹಲ್ಲಿನ ಹಿಂದೆ ಅವರ ದವಡೆಯಲ್ಲಿ ಜಾಗ ಖಾಲಿ ಇರುತ್ತಿತ್ತು. ನಮ್ಮಂತೆ ಅಲ್ಲಿ ಇಕ್ಕಟ್ಟಿರಲಿಲ್ಲ.

ಫ್ರಾನ್ಸಿನ ಲಾ ಶಾಪೆಲ್ ಊರಿನಲ್ಲಿ 1908ರಲ್ಲಿ ಸಿಕ್ಕ 'ಮುದುಕ'ನಿಗೆ ದವಡೆ ಹಲ್ಲು ಹೆಚ್ಚುಕಡಿಮೆ ಉದುರಿಹೋಗಿದ್ದವು. ಹಲ್ಲು ಬಿದ್ದ ಕಡೆ ಎಲುಬು ಕೂಡಿಕೊಂಡಿದೆ. ಅಂದರೆ ಆಮೇಲೂ ಬಹಳ ದಿನ ಬದುಕಿದ್ದ. ಯಾರೋ ಊಟ ಅರೆದು ಕೊಟ್ಟಿರಬೇಕು ಅನ್ನುವವರಿದ್ದಾರೆ. ಇರಬಹುದು. ಆದರೆ ಬರೀ ಒಸಡಿನಲ್ಲೇ ಚಕ್ಕುಲಿ ಪುಡಿ ಮಾಡುವ ಅಜ್ಜಂದಿರನ್ನೂ ನಾನು ನೋಡಿದ್ದೇನೆ.

ಹಾಗಾದರೆ ಇಷ್ಟು ಗಟ್ಟಿ ಜನ ಸುಮಾರು 40 ಸಾವಿರ ವರ್ಷಗಳ ಹಿಂದೆ ಯಾಕೆ ಇಲ್ಲವಾದರು? ನಮ್ಮವರು, ಅಂದರೆ ಇವತ್ತಿನ ಮನುಷ್ಯರ ಪೂರ್ವಜರು, ಬಂದು ಕೊಂದರು ಅನ್ನುವುದು ಕೇಳಲು ಚೆನ್ನಾಗಿರುತ್ತದೆ, ಆದರೆ ಅಂಥ ಸಾಮೂಹಿಕ ಕೊಲೆಗೆ ಸಾಕ್ಷಿ ಇಲ್ಲ. ಹವಾಮಾನ ಪದೇ ಪದೇ ಏರುಪೇರಾಯಿತು, ನಿಜ. ಆದರೆ ಅದಕ್ಕಿಂತ ಮುಂಚಿನ ಹಿಮಯುಗಗಳನ್ನು ಅವರು ದಾಟಿ ಬಂದವರು. ನನ್ನ ಲೆಕ್ಕದಲ್ಲಿ ದೊಡ್ಡ ತೊಂದರೆ ಇದ್ದಿದ್ದು ತಲೆಗಳ ಎಣಿಕೆಯಲ್ಲಿ. ಜನ ತೀರಾ ಕಡಿಮೆ, ಅದೂ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಚದುರಿದ್ದರು. ಅಂಥ ಗುಂಪಿನಲ್ಲಿ ಎರಡು ಮೂರು ಮಕ್ಕಳು ಸತ್ತರೂ, ಒಬ್ಬಳು ಹೆರಿಗೆಯಲ್ಲಿ ಹೋದರೂ ಅದು ಸಣ್ಣ ನಷ್ಟವಲ್ಲ. ಅಷ್ಟರಲ್ಲಿ ನಮ್ಮವರು ಹೆಚ್ಚು ಸಂಖ್ಯೆಯಲ್ಲಿ ಅದೇ ಬೇಟೆಯ ಜಾಗಗಳಿಗೆ ಬಂದರು. ಕೆಲವರು ಕೂಡಿ ಮಕ್ಕಳನ್ನೂ ಹೆತ್ತರು. ಆಫ್ರಿಕಾದ ಹೊರಗಿನ ಎಲ್ಲರಲ್ಲೂ, ಅಂದರೆ ನಿಮ್ಮಲ್ಲೂ ನನ್ನಲ್ಲೂ, ಶೇಕಡಾ 1ರಿಂದ 2ರಷ್ಟು ಡಿಎನ್‌ಎ ಅವರದು.

ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಒಂದು ಕಾಲ್ಬೆರಳಿನ ಎಲುಬು ಒಬ್ಬ ನಿಯಾಂಡರ್ತಲ್ ಹೆಂಗಸಿನದು. ಅವಳ ತಂದೆತಾಯಿ ತೀರಾ ಹತ್ತಿರದ ಸಂಬಂಧಿಗಳು. ತಾಯಿ ಒಬ್ಬಳೇ, ತಂದೆ ಬೇರೆಯಾದ ಅಣ್ಣತಂಗಿಯರಿರಬಹುದು, ಇಲ್ಲವೇ ಸೋದರಮಾವ ಮತ್ತು ಅಕ್ಕನ ಮಗಳಿರಬಹುದು. ನಮ್ಮ ಕಡೆ ಮಾವನಿಗೆ ಹೆಣ್ಣು ಕೊಡುವುದು ಹಳೆಯ ಪದ್ಧತಿ, ಹಾಗಾಗಿ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ. ನಮಗೆ ಬೇರೆ ಊರಿನ ಗಂಡೂ ಸಿಗುತ್ತಿದ್ದ.

ಫ್ರಾನ್ಸಿನ ಮಾಂದ್ರಾನ್ ಗುಹೆಯಲ್ಲಿ ಸಿಕ್ಕವನಿಗೆ ತೋರಿನ್ ಅಂತ ಹೆಸರಿಟ್ಟಿದ್ದಾರೆ. ಕೊನೆಯ ನಿಯಾಂಡರ್ತಲರಲ್ಲಿ ಒಬ್ಬ. 2015ರಲ್ಲಿ ಮಣ್ಣಿನಿಂದ ಮೊದಲು ಕಂಡಿದ್ದು ಅವನ ಹಲ್ಲುಗಳೇ. 2024ರಲ್ಲಿ ಅವನ ಡಿಎನ್‌ಎ ಓದಿ ಹೇಳಿದ್ದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕಾಲ್ನಡಿಗೆಯಲ್ಲಿ ಹೋಗಬಹುದಾದ ದೂರದಲ್ಲೇ ಬೇರೆ ನಿಯಾಂಡರ್ತಲರು ಇದ್ದರು. ಆದರೂ ಅವನ ವಂಶ ಸುಮಾರು 50 ಸಾವಿರ ವರ್ಷ ಯಾರ ಜೊತೆಯೂ ಬೆರೆತಿರಲಿಲ್ಲ. ಇಷ್ಟೂ ಗೊತ್ತಾಗಿದ್ದು ಒಂದು ದವಡೆ ಹಲ್ಲಿನ ಬೇರಿನ ಚೂರಿನಿಂದ.