ಸೋಮವಾರ ಆಲೆಮನೆಯಲ್ಲೂ ಕ್ರಿಸ್ತನ ಮನಸ್ಸು ಉಳಿಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಭಾನುವಾರ ಆರಾಧನೆ ಮುಗಿಸಿ ಬರುವಾಗ ಇರುವ ಮನಸ್ಸು ಸೋಮವಾರ ಒಲೆಗೆ ಬೆಂಕಿ ಹಾಕುವಷ್ಟರಲ್ಲಿ ಹೋಗಿರುತ್ತೆ. ಆಳುಗಳ ಮೇಲೆ ರೇಗ್ತೀನಿ, ಆಮೇಲೆ ನೊಂದುಕೊಳ್ತೀನಿ. ಯೇಸುಸ್ವಾಮಿಯ ಹಾಗೆ ಯೋಚಿಸೋದು, ನಡೆಯೋದು ದಿನದ ಕೆಲಸದಲ್ಲಿ ಸಾಧ್ಯವಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾಧ್ಯ. ಆದರೆ ಕೋಪ ನೆತ್ತಿಗೇರಿದ ಮೇಲೆ ‘ಈಗ ಯೇಸುಸ್ವಾಮಿ ಏನು ಮಾಡುತ್ತಿದ್ದರು’ ಎಂದು ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಹೊತ್ತಿಗೆ ಬಾಯಿಗೆ ಬರುವುದು ರೂಢಿಯಾದ ಮಾತೇ. ಹಾಗಾಗಿ ರೂಢಿ ಬದಲಾಗಬೇಕು, ಅದು ಕೋಪವಿಲ್ಲದ ಹೊತ್ತಿನಲ್ಲಿ ಆಗಬೇಕಾದ ಕೆಲಸ.

ಕ್ರಿಸ್ತನಲ್ಲಿದ್ದ ಮನಸ್ಸು ನಿಮ್ಮಲ್ಲೂ ಇರಲಿ ಎಂದು ಪೌಲ ಬರೆದದ್ದು ಸೆರೆಯಲ್ಲಿ ಕೂತು, ಫಿಲಿಪ್ಪಿ ಪಟ್ಟಣದ ಸಭೆಗೆ. ಅದೇ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ, ತನ್ನ ಜೊತೆ ದುಡಿದ ಇಬ್ಬರು ಹೆಂಗಸರಿಗೆ ಒಮ್ಮನಸ್ಸಿನಿಂದಿರಿ ಎಂದು ಹೆಸರು ಹಿಡಿದು ಬೇಡಿಕೊಳ್ಳುತ್ತಾನೆ. ಒಟ್ಟಿಗೆ ದುಡಿಯುತ್ತಾ ಮನಸ್ಸು ಮುರಿದುಕೊಂಡವರಿದ್ದ ಸಭೆಗೇ ಹೇಳಿದ ಮಾತು ಅದು. ಆಲೆಮನೆಗೆ ಅನ್ವಯಿಸುವುದಿಲ್ಲ ಎಂದುಕೊಳ್ಳಬೇಡಿ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಇರುವುದು 16 ಅಧ್ಯಾಯ. ಬೆಳಿಗ್ಗೆ ಒಂದು ತುಣುಕು ಗಟ್ಟಿಯಾಗಿ ಓದಿ. ಯೇಸುಸ್ವಾಮಿ ಏನು ಹೇಳಿದರು ಎನ್ನುವುದರ ಜೊತೆಗೆ ಯಾರ ಕಡೆ ತಿರುಗಿದರು, ಎಲ್ಲಿ ನಿಂತರು ಎಂಬುದನ್ನೂ ಗಮನಿಸಿ.

ಐದನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಸಭಾಮಂದಿರದ ಅಧಿಕಾರಿ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಸ್ವಾಮಿ ಅವಸರದಲ್ಲಿ ಹೊರಟಿದ್ದಾರೆ, ದಾರಿ ತುಂಬ ಜನ. 12 ವರ್ಷದಿಂದ ರಕ್ತಸ್ರಾವದಿಂದ ನರಳಿ, ವೈದ್ಯರಿಗೆ ಸುರಿದು ಇದ್ದಬದ್ದದ್ದೆಲ್ಲ ಕಳೆದುಕೊಂಡ ಹೆಂಗಸೊಬ್ಬಳು ಹಿಂದಿನಿಂದ ಬಂದು ಉಡುಪು ಮುಟ್ಟುತ್ತಾಳೆ. ಮುಟ್ಟಿದ ತಕ್ಷಣ ವಾಸಿಯಾಗುತ್ತದೆ. ಹಾಗೇ ನಡೆದುಬಿಡಬಹುದಿತ್ತು. ನಡೆಯಲಿಲ್ಲ. ಯಾರು ಮುಟ್ಟಿದ್ದು ಎಂದು ಕೇಳಿ, ಅವಳು ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳುವ ತನಕ ನಿಂತರು. ‘ಮಗಳೇ’ ಎಂದು ಕರೆದರು. ಯಾಯೀರನಿಗೆ ಆ ಒಂದೊಂದು ಗಳಿಗೆಯೂ ಹೇಗಾಗಿರಬೇಕು! ಆಮೇಲೆ ಅವನ ಮನೆಗೂ ಹೋದರು, ಮಗಳನ್ನು ಬದುಕಿಸಿ ಎಬ್ಬಿಸಿದರು.

ಇದನ್ನು ಓದಿದಾಗೆಲ್ಲ ನನಗೆ ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ನೆನಪಾಗುತ್ತದೆ. ವೆಸ್ಲಿಯನ್ ಮಿಷನ್‌ನವರು 1906ರಲ್ಲಿ ಅದನ್ನು ತೆರೆದದ್ದು ಹೆಂಗಸರು, ಮಕ್ಕಳಿಗಾಗಿ. ಯಾರ ಮುಂದೆಯೂ ಹೇಳಿಕೊಳ್ಳಲಾಗದ ಕಾಯಿಲೆ ಇಟ್ಟುಕೊಂಡವರ ಮಾತು ಕೇಳಲು ಈ ಊರಿನಲ್ಲೂ ಯಾರೋ ನಿಂತರು.

ನಿಮ್ಮಲ್ಲಿ ಹೀಗಾಗುತ್ತದೆ: ಪಾಕ ಹದಕ್ಕೆ ಬರುವ ಹೊತ್ತಿಗೇ ಆಳು ಬಂದು, ‘ಅಣ್ಣಾ, ಊರಿಗೆ ದುಡ್ಡು ಕಳಿಸಬೇಕು, ಅಡ್ವಾನ್ಸ್ ಬೇಕಿತ್ತು’ ಅನ್ನುತ್ತಾನೆ. ಪಾಕ ಬಿಟ್ಟು ಬರಬೇಕಿಲ್ಲ, ಕೊಪ್ಪರಿಗೆ ತಳ ಹಿಡಿದರೆ ಯಾರಿಗೂ ಲಾಭವಿಲ್ಲ. ಅವನ ಮುಖ ನೋಡಿ, ‘ಇದನ್ನ ಇಳಿಸಿ ಬರ್ತೀನಿ, ಇರು’ ಅನ್ನಿ. ಇಳಿಸಿದ ಮೇಲೆ, ಅವನು ಮತ್ತೆ ಬಂದು ಕೇಳುವ ಮೊದಲು ನೀವೇ ಅವನ ಹತ್ತಿರ ಹೋಗಿ. ಹೀಗೆ ನಾವೇ ಎದ್ದು ಹೋಗುವುದು ಬಹಳ ಕಷ್ಟ, ಅದಕ್ಕೇ ಅದನ್ನು ದಿನಾ ಮಾಡಬೇಕು. ಕೊಡಲು ದುಡ್ಡಿಲ್ಲದಿದ್ದರೆ ಇಲ್ಲ ಎನ್ನಿ. ಸ್ವಾಮಿಯೂ ಎಲ್ಲದಕ್ಕೂ ಹೂಂ ಅನ್ನಲಿಲ್ಲ: ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಬಂದಾಗ, ಬೇರೆ ಊರುಗಳಿಗೆ ಹೋಗೋಣ ಎಂದರು.

ಕ್ರಿಸ್ತನಂತೆ ಇರುವುದೆಂದರೆ ಮೆತ್ತಗಿರುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಕೈಬತ್ತಿದವನನ್ನು ಸಬ್ಬತ್ತಿನ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿ ದಿನ, ವಾಸಿಮಾಡಿದರೆ ತಪ್ಪು ಹೊರಿಸೋಣ ಎಂದು ಕಾದು ಕೂತವರನ್ನು ಯೇಸುಸ್ವಾಮಿ ಕೋಪದಿಂದಲೇ ನೋಡಿದರು. ಆದರೆ ವಿಚಾರಣೆಯಲ್ಲಿ ಕಾವಲುಗಾರ ತಮ್ಮ ಕೆನ್ನೆಗೇ ಹೊಡೆದಾಗ, ‘ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ?’ ಎಂದು ಕೇಳಿದರಷ್ಟೆ. ಸಬ್ಬತ್ತಿನ ದಿನದ ಆ ಕೋಪ ಇನ್ನೊಬ್ಬನ ಪರವಾಗಿತ್ತು. ಗಾಣಕ್ಕೆ ಕಬ್ಬು ಕೊಡುವವನು ಮೈಮರೆತರೆ ಗಟ್ಟಿಯಾಗಿ ಕೂಗಿ, ಅವನ ಕೈ ಉಳಿಯುತ್ತದೆ. ಅಚ್ಚಿನ ಬೆಲ್ಲ ಮುರಿದದ್ದಕ್ಕೆ ಅವನ ಹೆತ್ತವರನ್ನು ಎಳೆದು ತಂದು ಬೈಯುವುದು ಬೇಡ.

ನೀವು ಕೇಳದೇ ಇರುವುದೊಂದನ್ನೂ ಹೇಳಿಬಿಡುತ್ತೇನೆ. ಮಂಡಿಯಲ್ಲಿ ಬಣ್ಣಕ್ಕೆ ಬೆಲೆ ಎಂದು ಪಾಕಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಮಾಡುವ ರಾಸಾಯನಿಕ ಸುರಿಯುವವರಿದ್ದಾರೆ. ಆಳುಗಳ ಜೊತೆ ಎಷ್ಟೇ ನಯವಾಗಿ ಮಾತಾಡಿದರೂ ತಿನ್ನುವವರ ಹೊಟ್ಟೆಗೆ ಅದನ್ನು ಹಾಕುತ್ತಿದ್ದರೆ ಮನಸ್ಸು ಎರಡಾಗಿಯೇ ಇರುತ್ತದೆ. ಸ್ವಾಮಿ ಮನೆಗೆ ಬಂದ ಮೇಲೆ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ತಾನಾಗಿ ಎದ್ದು ನಿಂತು ಆಡಿದ ಮಾತು ದುಡ್ಡಿನದು: ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್.

ಬದಲಾವಣೆ ನಿಮಗೆ ಬೇಗ ಕಾಣದಿರಬಹುದು. ಸ್ವಾಮಿಯ ಜೊತೆಗೇ ತಿರುಗಾಡಿದ ಶಿಷ್ಯರಾದ ಯಾಕೋಬ, ಯೋಹಾನರೂ ಯೆರೂಸಲೇಮಿನ ದಾರಿಯಲ್ಲಿ ದೊಡ್ಡ ಸ್ಥಾನ ಕೇಳಿದರು. ಅವರನ್ನು ಆತ ಬಿಟ್ಟುಹೋಗಲಿಲ್ಲ. ನಿಮ್ಮನ್ನು ನೀವೇ ಅಳೆದುಕೊಳ್ಳುವುದಕ್ಕಿಂತ ಆಳುಗಳನ್ನು ನೋಡಿ. ಯೇಸುಸ್ವಾಮಿಯ ಹತ್ತಿರ ಮಕ್ಕಳೂ, ಸುಂಕದವರೂ ಧೈರ್ಯವಾಗಿ ಬರುತ್ತಿದ್ದರು. ಈಗ ನಿಮ್ಮ ಆಳು ಅಡ್ವಾನ್ಸ್ ಕೇಳಲು ಬೇರೆಯವರ ಕೈಲಿ ಹೇಳಿ ಕಳಿಸುತ್ತಾನೋ, ತಾನೇ ಬಂದು ಕೇಳುತ್ತಾನೋ?